ಸಂಬಾರ ಬೆರೆಸಿದ ಬಿಸಿ ದ್ರಾಕ್ಷಾಮದ್ಯ: ಪೂರ್ವಕಥೆ ಮತ್ತು ಪಾಕಕ್ರಮ

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಹಳ್ಳಿಗಳಲ್ಲಿ ಮಾರ್ಗಶಿರ ಪುಷ್ಯ ಮಾಸಗಳು ಜನ ಒಂದೆಡೆ ಸೇರುವ ಕಾಲ. ರಾಗಿಯ ಕೊಯ್ಲು ಮುಗಿದು ಕಣದ ಕೆಲಸ ನಡೆಯುತ್ತಿರುತ್ತದೆ. ಇಬ್ಬನಿಯಲ್ಲಿ ನೆನೆದ ಅವರೆ ಸೊಗಡುಗಟ್ಟಿರುತ್ತದೆ. ಅದೇ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ಪುಷ್ಯ ಶುದ್ಧ ಷಷ್ಠಿಯ ರಥೋತ್ಸವವೂ ದನಗಳ ಜಾತ್ರೆಯೂ ನೆರೆಯುತ್ತವೆ. ಕ್ರೈಸ್ತರ ಮನೆಗಳಲ್ಲಿ ಕ್ರಿಸ್ತಜಯಂತಿಯ ಸಡಗರವೂ ಈ ದಿನಗಳಲ್ಲೇ ಬರುತ್ತದೆ. ಇಂತಹ ಕೂಟಗಳಲ್ಲಿ ಬಂದವರ ಕೈಗೆ ಬಿಸಿಯಾದ ಪಾನವೊಂದನ್ನು ಕೊಡುವುದು ಎಲ್ಲ ನಾಡುಗಳಿಗೂ ಸಾಮಾನ್ಯವಾದ ಪದ್ಧತಿ. ನಮ್ಮಲ್ಲಿ ಅದು ಶುಂಠಿಯ ಕಷಾಯ ಅಥವಾ ಕಾಫಿ. ಯೂರೋಪಿನ ಚಳಿನಾಡುಗಳಲ್ಲಿ ಅದು ಸಂಬಾರ ಪದಾರ್ಥಗಳನ್ನು ಬೆರೆಸಿ ಬಿಸಿಮಾಡಿದ ದ್ರಾಕ್ಷಾಮದ್ಯ. ಜರ್ಮನರು ಇದನ್ನು ಗ್ಲೂವೈನ್ ಎಂದೂ, ಸ್ವೀಡನ್ನಿನವರು ಗ್ಲೋಗ್ ಎಂದೂ, ಆಂಗ್ಲರು ಮಲ್ಡ್ ವೈನ್ ಎಂದೂ ಕರೆಯುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಮನೆಗಳಲ್ಲಿಯೂ ಈ ಪಾನ ಬಳಕೆಗೆ ಬಂದಿದೆ. ಇದನ್ನು ಕೇವಲ ಪರದೇಶದ ಅನುಕರಣವೆಂದು ತಳ್ಳಿಹಾಕುವವರೂ ಉಂಟು. ಪರದೇಶದ್ದೆಂಬ ಕಾರಣಕ್ಕೇ ಮೆಚ್ಚುವವರೂ ಉಂಟು. ಇವೆರಡು ಅಭಿಪ್ರಾಯಗಳೂ ಚರಿತ್ರೆಯ ಮುಂದೆ ನಿಲ್ಲಲಾರವು ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಒಂದು ಉದ್ದೇಶ. ಈ ಪಾನವನ್ನು ಮನೆಯಲ್ಲಿ ಸರಿಯಾಗಿ ಸಿದ್ಧಪಡಿಸುವ ಕ್ರಮವನ್ನು ಕಾರಣಸಹಿತವಾಗಿ ವಿವರಿಸುವುದು ಇನ್ನೊಂದು ಉದ್ದೇಶ. ಇವೆರಡಕ್ಕೂ ಸಂಬಂಧವಿದೆ. ಹಳೆಯ ಪಾಕಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಪರಿಶೀಲಿಸಿದಾಗ ಅವುಗಳಲ್ಲಿ ಒಂದೇ ನಿಯಮ ಕಂಡುಬರುತ್ತದೆ: ಉರಿಯು ಸಿಹಿಗೂ ಸಂಬಾರಕ್ಕೂ ಸಲ್ಲತಕ್ಕದ್ದು, ಮದ್ಯಕ್ಕೆ ಅದರಿಂದ ದೊರೆಯಬೇಕಾದುದು ಬೆಚ್ಚನೆಯ ಸ್ಪರ್ಶ ಮಾತ್ರ.

ರೋಮನರ ಪಾಕ ಮತ್ತು ನಮ್ಮ ಕರಾವಳಿಯ ಮೆಣಸು

ಯೂರೋಪಿನ ಸಂಬಾರಮದ್ಯಗಳ ವಿಚಾರದಲ್ಲಿ ನಮಗೆ ದೊರೆತಿರುವ ಹಳೆಯ ಲಿಖಿತ ಪಾಕಗಳಲ್ಲಿ ಪ್ರಸಿದ್ಧವಾದುದು ಅಪೀಸಿಯಸ್ ಎಂಬ ಹೆಸರಿನಲ್ಲಿ ಪ್ರಚಲಿತವಾಗಿರುವ ಲ್ಯಾಟಿನ್ ಪಾಕಗ್ರಂಥದ ಮೊದಲನೆಯ ಪಾಕ. ಈ ಗ್ರಂಥವು ಈಗಿನ ರೂಪವನ್ನು ತಳೆದದ್ದು ಕ್ರಿ. ಶ. 4 ಅಥವಾ 5ನೆಯ ಶತಮಾನದಲ್ಲಿ ಎಂದು ವಿದ್ವಾಂಸರ ಮತ. ಅದರಲ್ಲಿ ಹೇಳಿರುವ ಕ್ರಮ ಹೀಗಿದೆ: 15 ಪೌಂಡು ಜೇನನ್ನು 2 ಸೆಕ್ಸ್‌ಟೇರಿಯಸ್ ಅಳತೆಯ ಮದ್ಯದೊಡನೆ ಲೋಹದ ಪಾತ್ರೆಯಲ್ಲಿ ಒಣಕಟ್ಟಿಗೆಯ ಸಣ್ಣ ಉರಿಯ ಮೇಲೆ ಕಾಯಿಸಬೇಕು, ಉಕ್ಕಿದಾಗ ಸ್ವಲ್ಪ ಮದ್ಯವನ್ನು ಚಿಮುಕಿಸಿ ತಣಿಸಬೇಕು, ಮರುದಿನ ನೊರೆಯನ್ನು ತೆಗೆದು, ಕುಟ್ಟಿದ ಮೆಣಸು, ಮಸ್ತಕಿಯ ಅಂಟು, ಕೇಸರಿ, ಖರ್ಜೂರ ಮೊದಲಾದವನ್ನು ಸೇರಿಸಬೇಕು, ಕೊನೆಯಲ್ಲಿ 18 ಸೆಕ್ಸ್‌ಟೇರಿಯಸ್ ಮದ್ಯವನ್ನು ಹೊಯ್ಯಬೇಕು. ಒಂದು ಸೆಕ್ಸ್‌ಟೇರಿಯಸ್ ಎಂದರೆ ಸುಮಾರು ಅರ್ಧ ಲೀಟರು. ಎಂದಮೇಲೆ, ಒಟ್ಟು ಮದ್ಯದಲ್ಲಿ ಉರಿಯನ್ನು ಕಂಡದ್ದು ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು. ಉಳಿದ ಒಂಬತ್ತು ಪಾಲು ಒಲೆಯಿಂದ ದೂರವೇ ಉಳಿಯಿತು. ಪಾಕಕರ್ತನು ಕಾರಣವನ್ನು ಹೇಳಿಲ್ಲ. ಆದರೆ ಅವನ ಅಳತೆಗಳೇ ಕಾರಣವನ್ನು ಸೂಚಿಸುತ್ತವೆ.

ಈ ಪಾಕದಲ್ಲಿ ಮೆಣಸಿನ ಪ್ರಮಾಣ 4 ಔನ್ಸು. ಮೆಣಸು ರೋಮನರ ನೆಲದಲ್ಲಿ ಬೆಳೆಯುವುದಲ್ಲ. ಅದು ಹೋದದ್ದು ನಮ್ಮ ಪಶ್ಚಿಮದ ಘಟ್ಟಗಳ ಕಾಡುಗಳಿಂದ. ಕ್ರಿ. ಶ. 1ನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ರಚಿತವಾದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಎಂಬ ನಾವಿಕರ ಕೈಪಿಡಿಯು, ಕೇರಳ ತೀರದ ಮುಜಿರಿಸ್ ಮತ್ತು ನೆಲ್ಕಿಂಡ ಎಂಬ ರೇವುಗಳಿಂದ ಮೆಣಸೂ ಮಲಬಾತ್ರಂ ಎಂಬ ಪರಿಮಳದ ಎಲೆಯೂ ಹಡಗೇರುತ್ತಿದ್ದವೆಂದು ತಿಳಿಸುತ್ತದೆ. ಈ ಎಲೆಯನ್ನು ನಮ್ಮ ತಮಾಲಪತ್ರವೆಂದು ಗುರುತಿಸಲಾಗಿದೆ. ಗಮನಾರ್ಹವಾದ ಇನ್ನೊಂದು ಸಂಗತಿಯೆಂದರೆ, ಅದೇ ರೇವುಗಳಿಗೆ ಪಶ್ಚಿಮದಿಂದ ಇಳಿಯುತ್ತಿದ್ದ ಸರಕುಗಳ ಪಟ್ಟಿಯಲ್ಲಿ ದ್ರಾಕ್ಷಾಮದ್ಯವೂ ಸೇರಿದೆ. ಆದರೆ ಹೆಚ್ಚಾಗಿ ಅಲ್ಲ ಎಂಬ ವಿಶೇಷಣದೊಡನೆ. ಮೆಣಸು ಮದ್ಯದ ನಾಡಿಗೂ ಮದ್ಯ ಮೆಣಸಿನ ನಾಡಿಗೂ ಒಂದೇ ಹಡಗುಗಳಲ್ಲಿ ಸಂಚರಿಸಿದವು.

ಈ ವ್ಯಾಪಾರದ ಗುರುತುಗಳು ನಮ್ಮ ಮೈದಾನ ಸೀಮೆಯಲ್ಲಿಯೂ ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿಯ ನಾಣ್ಯಗಳ ನಿಧಿಯೊಂದು ಸಿಕ್ಕಿತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ನಡೆದ ಉತ್ಖನನಗಳಲ್ಲಿಯೂ ರೋಮನ್ ನಾಣ್ಯಗಳು ದೊರೆತವು. ಇವುಗಳಿಂದ ನಮ್ಮ ಜನ ರೋಮನರ ಮದ್ಯವನ್ನು ಕುಡಿದರೆಂದು ಸಾಧಿಸಲಾಗದು. ಸಂಬಾರ ಹಾಗೂ ಇತರ ಸರಕುಗಳಿಗೆ ತೆತ್ತ ಬೆಲೆಯಲ್ಲಿ ಒಂದಂಶ ಒಳನಾಡಿಗೂ ಹರಿದು ಬಂದಿತೆಂದು ಮಾತ್ರ ಹೇಳಬಹುದು.

ಭಾರತೀಯ ಸಂಪ್ರದಾಯ

ದ್ರಾಕ್ಷಿಯ ಮದ್ಯಕ್ಕೂ ಸಂಬಾರ ಬೆರೆಸಿದ ಮದ್ಯಕ್ಕೂ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಹೆಸರುಗಳುಂಟು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸುರಾಧ್ಯಕ್ಷನನ್ನು ಕುರಿತ ಪ್ರಕರಣವಿದೆ. ಶತಮಾನಗಳಿಂದ ಮರೆಯಾಗಿದ್ದ ಈ ಗ್ರಂಥದ ಓಲೆಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಆ ಪ್ರಕರಣದಲ್ಲಿ ಮೇದಕ, ಪ್ರಸನ್ನ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಆರು ಬಗೆಯ ಮದ್ಯಗಳನ್ನು ಹೇಳಿದೆ. ಇವುಗಳಲ್ಲಿ ಮಧು ಎಂದರೆ ದ್ರಾಕ್ಷಿಯ ರಸದಿಂದಾದುದು. ಮೈರೇಯವು ತೊಗಟೆಯ ಕಷಾಯಕ್ಕೆ ಬೆಲ್ಲವನ್ನೂ ಹಿಪ್ಪಲಿ ಮೆಣಸುಗಳ ಪುಡಿಯನ್ನೂ ಸೇರಿಸಿ ಮಾಡಿದುದು. ಅಲ್ಲಿಯೇ ಇನ್ನೊಂದು ಮಾತಿದೆ. ಕುಟುಂಬಸ್ಥರು ವಿಶೇಷ ಕಾರ್ಯಗಳ ಸಂದರ್ಭದಲ್ಲಿ ಶ್ವೇತಸುರೆಯನ್ನೂ ಔಷಧಕ್ಕಾಗಿ ಅರಿಷ್ಟವನ್ನೂ ಮನೆಯಲ್ಲಿ ಮಾಡಿಕೊಳ್ಳಬಹುದು. ಉತ್ಸವ ಜಾತ್ರೆಗಳಲ್ಲಿ ನಾಲ್ಕು ದಿನಗಳ ಅನುಮತಿ ಕೊಡತಕ್ಕದ್ದು. ಮದ್ಯದ ಮೇಲೆ ಅಷ್ಟು ಬಿಗಿಯಾದ ಹತೋಟಿಯನ್ನು ವಿಧಿಸಿದ ಶಾಸ್ತ್ರಕಾರನೇ ಮನೆಯ ಕೂಟಕ್ಕೂ ಮನೆಯ ಮದ್ದಿಗೂ ಸ್ವಲ್ಪ ಎಡೆಯನ್ನು ಬಿಟ್ಟಿದ್ದಾನೆ.

ವೈದ್ಯಗ್ರಂಥಗಳಲ್ಲಿ ಈ ಸಂಪ್ರದಾಯ ಇನ್ನಷ್ಟು ಸ್ಪಷ್ಟವಾಗಿದೆ. ಶಾರ್ಙ್ಗಧರ ಸಂಹಿತೆಯು ಆಸವ ಮತ್ತು ಅರಿಷ್ಟಗಳಿಗೆ ಇರುವ ಭೇದವನ್ನು ಹೇಳುತ್ತದೆ: ದ್ರವ್ಯಗಳನ್ನು ಕುದಿಸದೆ ಹುದುಗಿಸಿದುದು ಆಸವ, ಮೊದಲು ಕಷಾಯ ಮಾಡಿ ಬಳಿಕ ಹುದುಗಿಸಿದುದು ಅರಿಷ್ಟ. ಅದರಲ್ಲಿಯೇ ಬರುವ ದ್ರಾಕ್ಷಾರಿಷ್ಟದ ಪಾಕದಲ್ಲಿ ಒಣದ್ರಾಕ್ಷಿಯನ್ನು ನೀರಿನಲ್ಲಿ ಬೇಯಿಸಿ ಕಾಲುಭಾಗಕ್ಕೆ ಇಳಿಸಿ, ತಣಿದ ಮೇಲೆ ಬೆಲ್ಲವನ್ನು ಕರಗಿಸಿ, ದಾಲ್ಚಿನ್ನಿ, ಏಲಕ್ಕಿ, ತಮಾಲಪತ್ರ, ನಾಗಕೇಸರ, ಪ್ರಿಯಂಗು, ಮೆಣಸು, ಹಿಪ್ಪಲಿ, ವಾಯುವಿಳಂಗಗಳ ಪುಡಿಯನ್ನು ಸೇರಿಸಿ ಮುಚ್ಚಿಡಬೇಕೆಂದಿದೆ. ಇಂದಿಗೂ ಔಷಧದ ಅಂಗಡಿಗಳಲ್ಲಿ ದ್ರಾಕ್ಷಾರಿಷ್ಟ ಎಂಬ ಹೆಸರಿನಲ್ಲಿ ದೊರೆಯುವುದು ಇದೇ ಪರಂಪರೆಯದು. ದಾಲ್ಚಿನ್ನಿ, ಏಲಕ್ಕಿ, ಮೆಣಸು, ದ್ರಾಕ್ಷಿ ಎಂಬ ನಾಲ್ಕನ್ನು ಹೆಸರಿಸಿದರೆ ಜರ್ಮನಿಯ ಚಳಿಗಾಲದ ಸಂತೆಯ ಪಾನವೂ ನಮ್ಮ ಪಂಡಿತರ ಸೀಸೆಯೂ ಎಷ್ಟು ಹತ್ತಿರದವೆಂಬುದು ವ್ಯಕ್ತವಾಗುತ್ತದೆ.

ಮದ್ಯಪಾನವು ವಿಲಾಸವಾಗಿ ನಮ್ಮ ನಾಡಿಗೆ ಅಪರಿಚಿತವಾಗಿರಲಿಲ್ಲ. ಕ್ರಿ. ಶ. 941ರ ಸುಮಾರಿನ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಾನಗೋಷ್ಠಿಯ ವರ್ಣನೆಯಿದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜನ ಕ್ರೀಡೆಗಳಲ್ಲಿ ಮದಿರಾಪಾನವನ್ನೂ ಎಣಿಸಿದೆ. ಆದರೆ ಇವು ಅರಮನೆಯ ಮತ್ತು ನಗರದ ಸಂಗತಿಗಳು. ಇವುಗಳಿಂದ ಸಾಮಾನ್ಯ ಒಕ್ಕಲಿನ ಮನೆಯ ಆಚಾರವನ್ನು ಊಹಿಸುವುದು ಸರಿಯಲ್ಲ.

ಮೇಲ್ಕಂಡ ಎರಡು ಸಂಪ್ರದಾಯಗಳಿಗೂ ಇರುವ ಮುಖ್ಯ ವ್ಯತ್ಯಾಸ ಸಂಬಾರವನ್ನು ಸೇರಿಸುವ ಕಾಲದಲ್ಲಿದೆ. ನಮ್ಮ ಅರಿಷ್ಟದಲ್ಲಿ ಸಂಬಾರವು ಹುದುಗುವ ಮೊದಲೇ ಸೇರಿ, ವಾರಗಟ್ಟಲೆ ಒಳಗಿದ್ದು, ಕೊನೆಗೆ ಔಷಧದ ಪ್ರಮಾಣದಲ್ಲಿ ಸೇವಿಸಲ್ಪಡುತ್ತದೆ. ಯೂರೋಪಿನವರದರಲ್ಲಿ ಮದ್ಯ ಪಕ್ವವಾದ ಮೇಲೆ ಸಂಬಾರ ಸೇರುತ್ತದೆ. ಸಾಮ್ಯವಾದರೋ ಉರಿಯ ವಿಚಾರದಲ್ಲಿದೆ. ಕಷಾಯವನ್ನು ಮೊದಲು ಕುದಿಸಿ ತಣಿಸುವ ವೈದ್ಯನೂ, ಜೇನನ್ನು ಮೊದಲು ಕಾಯಿಸಿ ಮದ್ಯವನ್ನು ಕೊನೆಗೆ ಹೊಯ್ಯುವ ರೋಮಿನ ಪಾಚಕನೂ ಒಲೆಯ ಮುಂದೆ ಒಂದೇ ಎಚ್ಚರವನ್ನು ವಹಿಸಿದ್ದಾರೆ.

ನಡುಗಾಲದಿಂದ ದಂಡಿನವರೆಗೆ

ನಡುಗಾಲದ ಯೂರೋಪಿನಲ್ಲಿ ಈ ಪಾನಕ್ಕೆ ಹಿಪೊಕ್ರಾಸ್ ಎಂಬ ಹೆಸರಾಯಿತು. ಸಂಬಾರ ಬೆರೆತ ಮದ್ಯವನ್ನು ಸೋಸುವ ಬಟ್ಟೆಯ ಚೀಲಕ್ಕೆ ಗ್ರೀಕ್ ವೈದ್ಯ ಹಿಪಾಕ್ರಟೀಸನ ತೋಳು ಎಂಬ ಹೆಸರಿದ್ದುದೇ ಇದಕ್ಕೆ ಕಾರಣ. ಸುಮಾರು 1393ರಲ್ಲಿ ಪ್ಯಾರಿಸಿನ ಗೃಹಸ್ಥನೊಬ್ಬನು ತನ್ನ ಎಳೆಯ ಹೆಂಡತಿಗಾಗಿ ಬರೆದ ಗೃಹಕೃತ್ಯದ ಪುಸ್ತಕದಲ್ಲಿ ಇದರ ಪಾಕವಿದೆ. ಅಲ್ಲಿಗೆ ಅರಮನೆಯ ಪಾನ ಮನೆಯ ಪಾನವಾಯಿತೆನ್ನಬಹುದು. ದಾಲ್ಚಿನ್ನಿ, ಶುಂಠಿ, ಸಕ್ಕರೆಗಳು ಆಗ ದುಬಾರಿ ವಸ್ತುಗಳು. ಅವುಗಳನ್ನು ಮೂಲದಲ್ಲಿಯೇ ಕೊಳ್ಳಬೇಕೆಂಬ ಆಸೆಯೇ ಪೋರ್ಚುಗೀಸರನ್ನು 1498ರಲ್ಲಿ ನಮ್ಮ ಕರಾವಳಿಗೆ ತಂದಿತು. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿಯೆಂದು ಕರೆದರು. ಯೂರೋಪಿನ ಚಳಿಗಾಲದ ಬಟ್ಟಲಿಗೆ ಕನ್ನಡ ನೆಲದ ಮೆಣಸೂ ಸಲ್ಲುತ್ತಿತ್ತೆಂಬುದಕ್ಕೆ ಆ ಬಿರುದೇ ಸಾಕ್ಷಿ.

ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ಬೆಂಗಳೂರಿಗೆ ವರ್ಗಾಯಿಸಿ 1809ರಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದರು. ಅವರೊಡನೆ ಕ್ರಿಸ್ತಜಯಂತಿಯ ಅಡುಗೆಗಳೂ ಬಂದವು. ಅನಂತರದ ಕಾಲದಲ್ಲಿ ಬೆಂಗಳೂರಿನ ಆಂಗ್ಲೋ ಇಂಡಿಯನ್ ಮತ್ತು ಇತರ ಕ್ರೈಸ್ತರ ಮನೆಗಳಲ್ಲಿ ನೀಲಿ ದ್ರಾಕ್ಷಿಯನ್ನು ಸಕ್ಕರೆಯೊಡನೆ ಜಾಡಿಯಲ್ಲಿಟ್ಟು, ಚಕ್ಕೆ ಲವಂಗಗಳನ್ನು ಹಾಕಿ, ಹಬ್ಬಕ್ಕೆ ಕೆಲವು ವಾರಗಳ ಮುಂಚೆಯೇ ಹುದುಗಿಸುವ ವಾಡಿಕೆ ಬೆಳೆಯಿತು. ಸಂಬಾರವನ್ನು ಮೊದಲೇ ಸೇರಿಸುವ ಈ ಕ್ರಮ ಯೂರೋಪಿನ ಬಿಸಿಮದ್ಯಕ್ಕಿಂತ ನಮ್ಮ ಆಸವಕ್ಕೆ ಹತ್ತಿರವಾದುದೆಂಬುದು ಕುತೂಹಲದ ಸಂಗತಿ.

ಬೆಂಗಳೂರು ನೀಲಿ ದ್ರಾಕ್ಷಿ

ಈ ಜಾಡಿಗಳಿಗೆ ಆಧಾರವಾದುದು ಬೆಂಗಳೂರು ನೀಲಿ ಎಂದು ಪ್ರಸಿದ್ಧವಾದ ದ್ರಾಕ್ಷಿ. ಅಮೆರಿಕ ಖಂಡದ ಲಾಬ್ರುಸ್ಕಾ ಜಾತಿಯ ಸಂಬಂಧವುಳ್ಳ ಈ ತಳಿ ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಸೀಮೆಗಳಲ್ಲಿ ನೆಲೆಯೂರಿ ಬಹುಕಾಲವಾಯಿತು. ಇಲ್ಲಿನ ಹಿತವಾದ ಹವೆಯಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಬಾರಿ ಸವರಿ ಎರಡು ಫಸಲನ್ನು ಪಡೆಯುತ್ತಾರೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ದಪ್ಪ ಸಿಪ್ಪೆ, ಬೀಜ, ಹುಳಿಸಿಹಿಯ ತಿರುಳು, ದೂರದಿಂದಲೇ ಗೊತ್ತಾಗುವ ಕಟುವಾದ ಪರಿಮಳ ಇದರ ಲಕ್ಷಣಗಳು. ತಿರುಳಿನ ಬಣ್ಣ ಪೇಲವ; ಕಡುನೇರಳೆಯ ವರ್ಣವೆಲ್ಲ ಸಿಪ್ಪೆಯಲ್ಲಿರುತ್ತದೆ. ಹಣ್ಣಿನ ರಸಕ್ಕೂ, ಸಿಹಿಯಾದ ಅಗ್ಗದ ಮದ್ಯಗಳಿಗೂ ಇದು ಹೆಚ್ಚಾಗಿ ಬಳಕೆಯಾಗುತ್ತದೆ.

ದೊಡ್ಡಬಳ್ಳಾಪುರದ ಹೆಸರು ದ್ರಾಕ್ಷಾಮದ್ಯದೊಡನೆ ಸೇರಿದುದಕ್ಕೆ ಇನ್ನೊಂದು ಕಾರಣವುಂಟು. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಸಂಸ್ಥೆಯು 1980ರ ದಶಕದಲ್ಲಿ ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್ ಮೊದಲಾದ ಫ್ರೆಂಚ್ ತಳಿಗಳ ತೋಟಗಳನ್ನು ಬೆಳೆಸಿ ಮದ್ಯೋತ್ಪಾದನೆಗೆ ತೊಡಗಿತು. ರಾಜ್ಯ ಸರ್ಕಾರವು 2007ರಲ್ಲಿ ದ್ರಾಕ್ಷಾಮದ್ಯಕ್ಕೆಂದೇ ಪ್ರತ್ಯೇಕ ನೀತಿಯನ್ನು ರೂಪಿಸಿತು. ಆದರೆ ಇದೇ ಸೀಮೆಯಲ್ಲಿ 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ಪ್ರಾರಂಭವಾದಂದಿನಿಂದ ಜಮೀನಿನ ಬೆಲೆ ಏರಿ, ತೋಟಗಳು ನಿವೇಶನಗಳಾಗುತ್ತಿವೆ. ಕೊಳವೆಬಾವಿಗಳ ನೀರು ಆಳಕ್ಕೆ ಇಳಿದಿದೆ. ಫಸಲು ಒಮ್ಮೆಲೇ ಬಂದಾಗ ಬೆಲೆ ಕುಸಿಯುವುದೂ, ಬೇಗ ಕೆಡುವ ಹಣ್ಣನ್ನು ಇಟ್ಟುಕೊಳ್ಳಲಾರದೆ ರೈತನು ಬಂದ ಬೆಲೆಗೆ ಕೊಡುವುದೂ ಹಳೆಯ ಕಷ್ಟ. ಹಣ್ಣನ್ನು ರಸವಾಗಿಯೋ ಮದ್ಯವಾಗಿಯೋ ಮನೆಗಳು ಬಯಸುವಷ್ಟು ಕಾಲ ಮಾತ್ರ ಬಳ್ಳಿ ಉಳಿಯುತ್ತದೆ. ಚಳಿಗಾಲದ ಒಂದು ಬಟ್ಟಲಿನ ವಿಚಾರವು ಇಲ್ಲಿ ಒಕ್ಕಲುತನದ ವಿಚಾರವೂ ಆಗುತ್ತದೆ.

ಪಾಕಕ್ರಮ

ಮೊದಲು ಕಾನೂನಿನ ಮಾತು. ಕರ್ನಾಟಕದ 1965ರ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವಂತಿಲ್ಲ. ಕೌಟಿಲ್ಯನು ಕುಟುಂಬಸ್ಥರಿಗೆ ಬಿಟ್ಟ ಎಡೆಯನ್ನು ಆಧುನಿಕ ಶಾಸನ ಹಾಗೆಯೇ ಉಳಿಸಿಲ್ಲ. ಆದುದರಿಂದ ಇಲ್ಲಿ ಹೇಳುವುದು ಹುದುಗಿಸುವ ಕ್ರಮವನ್ನಲ್ಲ. ಪರವಾನಗಿ ಪಡೆದ ಅಂಗಡಿಯಿಂದ ತಂದ ಕೆಂಪು ದ್ರಾಕ್ಷಾಮದ್ಯವನ್ನು ಸಂಬಾರದೊಡನೆ ಬಿಸಿಮಾಡುವ ಕ್ರಮವನ್ನು.

ಆರೇಳು ಮಂದಿಗೆ ಬೇಕಾಗುವ ಪದಾರ್ಥಗಳು ಇವು: 750 ಮಿಲಿಲೀಟರಿನ ಒಂದು ಸೀಸೆ ಮದ್ಯ, 200 ಮಿಲಿಲೀಟರು ನೀರು, 75 ಗ್ರಾಂ ಸಕ್ಕರೆ ಅಥವಾ ತಿಳಿಬಣ್ಣದ ಬೆಲ್ಲ, ಬೆರಳುದ್ದದ ದಾಲ್ಚಿನ್ನಿ 2 ಚೂರು, ಲವಂಗ 6, ಜಜ್ಜಿದ ಏಲಕ್ಕಿ 4, ಕರಿಮೆಣಸು 8, ಒಣಶುಂಠಿಯ ಒಂದು ಸಣ್ಣ ಚೂರು, ಒಂದು ಕಿತ್ತಳೆ. ಹೆಚ್ಚು ಬೆಲೆಯ ಮದ್ಯ ಇದಕ್ಕೆ ವ್ಯರ್ಥ. ಅದರ ನವುರಾದ ಗುಣಗಳನ್ನು ಸಂಬಾರ ಮುಚ್ಚಿಬಿಡುತ್ತದೆ. ಹುಳಿತ ಮದ್ಯವೂ ಸಲ್ಲದು; ಬಿಸಿಯು ಆ ದೋಷವನ್ನು ಎತ್ತಿ ತೋರಿಸುತ್ತದೆ. ಪೋರ್ಟ್ ಎಂಬ ಹೆಸರಿನಲ್ಲಿ ಮಾರುವ ಸಿಹಿಮದ್ಯವಾದರೆ ಸಕ್ಕರೆಯನ್ನು ಬಿಡಬೇಕು. ಪಾತ್ರೆ ಸ್ಟೀಲಿನದಾಗಿರಲಿ, ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳೂ ಅಲ್ಯುಮಿನಿಯಮ್ಮೂ ದ್ರಾಕ್ಷಿಯ ಹುಳಿಯೊಡನೆ ಬೆರೆತು ರುಚಿಯನ್ನು ಕೆಡಿಸುತ್ತವೆ.

ಕಿತ್ತಳೆಯ ಸಿಪ್ಪೆಯನ್ನು ಒಳಗಿನ ಬಿಳಿಯ ಭಾಗ ಸೇರದಂತೆ ತೆಳುವಾಗಿ ಹೆರೆಯಬೇಕು. ಕಹಿ ಇರುವುದು ಆ ಬಿಳಿಯಲ್ಲಿ. ಸಂಬಾರವನ್ನೂ ಸಿಪ್ಪೆಯನ್ನೂ ತೆಳುಬಟ್ಟೆಯಲ್ಲಿ ಗಂಟುಕಟ್ಟಿ, ನೀರು ಸಕ್ಕರೆಗಳೊಡನೆ ಒಲೆಯ ಮೇಲಿಟ್ಟು ಹತ್ತು ಹದಿನೈದು ನಿಮಿಷ ಕುದಿಸಬೇಕು. ತೊಗಟೆ ಬೀಜಗಳೊಳಗಿನ ಸಾರವು ಹೊರಬರಲು ಕುದಿಯುವ ಶಾಖವೂ ಸಮಯವೂ ಅಗತ್ಯ. ಪಾಕ ಸ್ವಲ್ಪ ಮಂದವಾದೊಡನೆ ಉರಿಯನ್ನು ತೀರ ಸಣ್ಣದು ಮಾಡಿ, ಕಿತ್ತಳೆಯ ರಸವನ್ನೂ ಮದ್ಯವನ್ನೂ ಹೊಯ್ಯಬೇಕು. ಇಲ್ಲಿಂದ ಮುಂದೆ ಕುದಿಸಬಾರದು. ಮದ್ಯಸಾರವು 78 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವ ದ್ರವ. ನೀರಿನೊಡನೆ ಬೆರೆತಿರುವಾಗ ಅದು ಒಮ್ಮೆಲೇ ಹಾರಿಹೋಗದಿದ್ದರೂ, ಕುದಿಯಲ್ಲಿ ಅದರೊಡನೆ ಹಣ್ಣಿನ ಪರಿಮಳವೂ ಹೋಗಿ ಹುಳಿಯೂ ಒಗರೂ ಮಾತ್ರ ಉಳಿಯುತ್ತವೆ. ಹಬೆಯಾಡತೊಡಗಿ, ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಕಾಣುವ ಮೊದಲೇ ಇಳಿಸಬೇಕು. ಶಾಖಮಾಪಕವಿದ್ದಲ್ಲಿ 70 ಡಿಗ್ರಿಯನ್ನು ಮೀರದಂತೆ ನೋಡಿಕೊಳ್ಳಬೇಕು. ಮುಚ್ಚಳ ಮುಚ್ಚಿ ಕಾಲುಗಂಟೆ ಬಿಟ್ಟು, ಗಂಟನ್ನು ತೆಗೆದು, ಮತ್ತೆ ಬೆಚ್ಚಗೆ ಮಾಡಿ ಸಣ್ಣ ಲೋಟಗಳಲ್ಲಿ ಕೊಡಬಹುದು. ಗಂಟು ಹೆಚ್ಚು ಹೊತ್ತು ಉಳಿದರೆ ಲವಂಗ ಮೇಲುಗೈಯಾಗಿ ನಾಲಗೆ ಜೋಮು ಹಿಡಿಯುತ್ತದೆ.

ಮದ್ಯವನ್ನು ಮುಟ್ಟದ ಮನೆಗಳು ನಮ್ಮಲ್ಲಿ ಬಹಳ. ಮಕ್ಕಳೂ ಗರ್ಭಿಣಿಯರೂ ವಾಹನ ನಡೆಸಿ ಹಿಂದಿರುಗತಕ್ಕವರೂ ಎಲ್ಲ ಕೂಟಗಳಲ್ಲಿಯೂ ಇರುತ್ತಾರೆ. ಅವರಿಗಾಗಿ ಬೆಂಗಳೂರು ನೀಲಿಯನ್ನೇ ನೇರವಾಗಿ ಬಳಸಬಹುದು. ಒಂದು ಕಿಲೋ ಹಣ್ಣನ್ನು ತೊಟ್ಟು ಬಿಡಿಸಿ ತೊಳೆದು, 150 ಮಿಲಿಲೀಟರು ನೀರಿನೊಡನೆ ಸಣ್ಣ ಉರಿಯಲ್ಲಿಟ್ಟರೆ ಸಿಪ್ಪೆಗಳು ಬಿರಿದು ಬಣ್ಣ ಬಿಡುತ್ತವೆ. ಬೀಜಗಳು ಜಜ್ಜಿಹೋಗದಂತೆ ಬಟ್ಟೆಯಲ್ಲಿ ಸೋಸಿ, ಮೇಲೆ ಹೇಳಿದ ಸಂಬಾರದ ಪಾಕವನ್ನು ಅರ್ಧ ಸಕ್ಕರೆಯಿಂದ ಮಾಡಿ ಬೆರೆಸಬೇಕು. ರುಚಿಗೆ ತಕ್ಕಷ್ಟು ನಿಂಬೆಯ ರಸ ಹಿಂಡಬಹುದು. ಅಂದಂದಿನದನ್ನು ಅಂದೇ ಮುಗಿಸತಕ್ಕದ್ದು. ಈ ತಳಿಯ ಕಟುಪರಿಮಳವು ಹಸಿಯಾಗಿ ಕೆಲವರಿಗೆ ಹಿಡಿಸದಿದ್ದರೂ ಚಕ್ಕೆ ಮೆಣಸುಗಳೊಡನೆ ಚೆನ್ನಾಗಿ ಹೊಂದಿಕೊಳ್ಳುತ್ತದೆ.

ಮದ್ಯದ ಬಿಸಿಪಾನವು ಮೈಯನ್ನು ಕಾಯಿಸುತ್ತದೆಂಬ ನಂಬಿಕೆಯನ್ನು ಕುರಿತು ಒಂದು ಮಾತು ಅವಶ್ಯಕ. ಮದ್ಯಸಾರವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ. ವಾಸ್ತವವಾಗಿ ಒಳಗಿನ ಶಾಖವು ಚರ್ಮದ ಮೂಲಕ ಹೊರಕ್ಕೆ ಹೋಗುತ್ತದೆ. ಕಣದ ಬಯಲಿನಲ್ಲಿ ರಾತ್ರಿ ಕಾವಲಿರತಕ್ಕವರಿಗೆ ಇದು ಕಂಬಳಿಯ ಬದಲಾಗದು. ಅಂತೆಯೇ, ಬಿಸಿಮಾಡಿದ ಮಾತ್ರಕ್ಕೆ ಮದ್ಯದ ಅಮಲು ಇಲ್ಲವಾಗುವುದಿಲ್ಲ. ಮೇಲಿನ ಅಳತೆಯಲ್ಲಿ ಒಂದು ಸಣ್ಣ ಲೋಟವು ಹೆಚ್ಚುಕಡಿಮೆ ನೂರು ಮಿಲಿಲೀಟರು ಮದ್ಯಕ್ಕೆ ಸಮ.

ಇದುವರೆಗಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಈ ಪಾನವು ಒಂದು ನಾಡಿನ ಸೊತ್ತಲ್ಲ. ಮೆಣಸು ಇಲ್ಲಿಂದ ಹೋಯಿತು, ನೀಲಿ ದ್ರಾಕ್ಷಿಯ ವಂಶ ಸಾಗರದಾಚೆಯಿಂದ ಬಂದಿತು, ಕಷಾಯದ ಎಚ್ಚರ ಎರಡೂ ಕಡೆಯ ಹಿರಿಯರಲ್ಲಿ ಇತ್ತು. ಇಂದು ನಂದಿಬೆಟ್ಟದ ತಪ್ಪಲಿನ ಹಣ್ಣು, ಮಲೆನಾಡಿನ ಮೆಣಸು ಏಲಕ್ಕಿ, ಮಂಡ್ಯದ ಬೆಲ್ಲ, ಕೊಡಗಿನ ಕಿತ್ತಳೆ ಇಷ್ಟೂ ಸಾಸಲಿನ ಅಡುಗೆಮನೆಗೆ ಒಂದೇ ದಿನದಲ್ಲಿ ಬಂದು ಸೇರಬಲ್ಲವು. ಯಾವ ಬಟ್ಟಲು ಬೇಕೆಂಬುದು ಆಯಾ ಮನೆಯವರ ಇಷ್ಟ ಮತ್ತು ಆಚಾರಗಳಿಗೆ ಬಿಟ್ಟ ವಿಷಯ. ಮದ್ಯವಾಗಲಿ ಹಣ್ಣಿನ ರಸವಾಗಲಿ, ಕೊಳ್ಳುವಾಗ ನಮ್ಮ ಸೀಮೆಯ ದ್ರಾಕ್ಷಿಯದನ್ನು ಕೇಳಿ ಕೊಂಡರೆ, ನಿವೇಶನದ ಕಲ್ಲು ನೆಡದೆ ಇನ್ನೂ ಚಪ್ಪರವನ್ನು ಕಾಯ್ದುಕೊಂಡಿರುವ ರೈತನಿಗೆ ಅದರಿಂದ ಅಷ್ಟಿಷ್ಟಾದರೂ ನೆರವಾಗುವುದು.